ಶಸ್ತ್ರಕ್ರಿಯೆ ಮತ್ತು ಒತ್ತಡದ ಹುಣ್ಣು



ಕಾಮೋಠೆಯಲ್ಲಿ ಎಂ.ಜಿ.ಎಂ. ಆಸ್ಪತ್ರೆ ಇರುವುದರಿಂದ ಊರಿನ ರೋಗಿಗಳು ನಮ್ಮ ಮನೆಗಳಲ್ಲಿ ಇಳಿದುಕೊಳ್ಳುವುದುಂಟು. ಅದಕ್ಕಾಗಿ ಈ ಮಾತು.

ಬೇರೊಂದು ಊರಿನಲ್ಲಿ ನಮ್ಮ ತಂದೆಯವರ ಸೊಂಟದ ಶಸ್ತ್ರಕ್ರಿಯೆ 4 ಗಂಟೆ ನಡೆಯಿತು. ಮೂಳೆ ಕೂಡಿತು, ಹಿಮ್ಮಡಿಯ ಹುಣ್ಣು ಮಾತ್ರ 3 ತಿಂಗಳು ಕಾಡಿತು. ಅರಿವಳಿಕೆಯಲ್ಲಿದ್ದವರಿಗೆ ನೋವೂ ತಿಳಿಯದು, ಮಗ್ಗುಲೂ ಬದಲಿಸಲಾರರು. ಮೂಳೆ ಒತ್ತಿದ ಕಡೆ ರಕ್ತ ಹರಿಯದೆ ಮಾಂಸ ಸಾಯುತ್ತದೆ. ಆದ್ದರಿಂದಲೇ ಮೇಜಿಗೆ ಮೆತ್ತನೆಯ ಹಾಸು ಹಾಕಿ, ಮೀನಖಂಡದ ಕೆಳಗೆ ಆಸರೆಯಿಟ್ಟು ಹಿಮ್ಮಡಿಯನ್ನು ಮೇಲೆತ್ತಿಡಬೇಕು.

ಸಕ್ಕರೆ ರೋಗ, ಹಳೆಯ ಹುಣ್ಣು ಇದ್ದರೆ ವೈದ್ಯರಿಗೆ ಮೊದಲೇ ಹೇಳಿರಿ. ವಾರ್ಡಿಗೆ ತಂದೊಡನೆ ದಾದಿಯರ ಜೊತೆ ಹಿಮ್ಮಡಿ, ಬೆನ್ನಿನ ಕೆಳಭಾಗ ನೋಡಿರಿ. ಕೆಂಪಾದ ಚರ್ಮ ಬೆರಳೊತ್ತಿದಾಗ ಬಿಳುಪಾಗದಿದ್ದರೆ ಕೂಡಲೇ ತಿಳಿಸಿರಿ. ಕಪ್ಪು ಮೈಯಲ್ಲಿ ಕೆಂಪು ಕಾಣದು. ಬಿಸಿ, ಗಡಸು ಗಮನಿಸಿರಿ. ಉಜ್ಜಲೇಬೇಡಿ. ನಮ್ಮ ತಾಯಿಯವರು ಪ್ರೀತಿಯಿಂದಲೇ ಎಣ್ಣೆ ಹಚ್ಚಿ ಉಜ್ಜಿದ್ದರು.