ಬೆಕ್ಕಿಗೆ ಪಟ್ಟಿ ಕಟ್ಟುವ ಬಗೆ

ಬೆಕ್ಕಿಗೆ ಗಂಟೆ ಕಟ್ಟುವವರಾರೆಂಬುದು ಹಳೆಯ ಪ್ರಶ್ನೆ. ಪಟ್ಟಿ ಕಟ್ಟುವುದು ಹೇಗೆಂಬುದು ನಿಮ್ಮಲ್ಲಿ ಕೆಲವರ ಪ್ರಶ್ನೆ.

ಮನೆಯೊಳಗೇ ಬೆಳೆದ ನಮ್ಮ ಪುಕ್ಕಲು ಬೆಕ್ಕನ್ನು ನಾನು ಅವಸರಪಟ್ಟು ಬೀದಿಗೆ ಒಯ್ದೆ. ಸ್ಕೂಟರಿನ ಸದ್ದಿಗೆ ಬೆದರಿ, ಸಡಿಲವಾಗಿದ್ದ ಪಟ್ಟಿಯಿಂದ ನುಸುಳಿ ಓಡಿತು. ಮರುದಿನ ಸಿಕ್ಕಿದ್ದೇ ಪುಣ್ಯ.

ನೀವು ಹಾಗೆ ಮಾಡಬೇಡಿರಿ. ಕೊರಳಪಟ್ಟಿ ಬೇಡ, ಎದೆ ಬೆನ್ನುಗಳನ್ನು ಬಳಸುವ ಪಟ್ಟಿಯನ್ನೇ ತನ್ನಿರಿ. ಎರಡು ಬೆರಳು ಸೇರುವಷ್ಟು ಎಡೆಯಿರಲಿ, ಹೆಚ್ಚು ಬೇಡ. ಕೆಲವು ದಿನ ಅದು ಊಟದ ತಟ್ಟೆಯ ಬಳಿಯೇ ಬಿದ್ದಿರಲಿ. ಆಮೇಲೆ ಮನೆಯೊಳಗೇ ತುಸು ಹೊತ್ತು ತೊಡಿಸಿ, ತಿನಿಸು ಕೊಡಿರಿ.

ರೇಬೀಸ್ ಚುಚ್ಚುಮದ್ದು ಮೊದಲೇ ಆಗಿರಲಿ. ಬೀದಿಯ ಗದ್ದಲ ಏಳುವ ಮುನ್ನ, ಹಿತ್ತಲ ಬಾಗಿಲು ತೆರೆದಿಟ್ಟು ಜೊತೆಗೆ ಕುಳಿತುಕೊಳ್ಳಿರಿ. ಕಿವಿ ಮಡಿಸಿ ನೆಲಕ್ಕೆ ಅವುಚಿಕೊಂಡರೆ ಎಳೆಯಬೇಡಿರಿ; ಒಳಗೆ ಹೋಗಗೊಡಿರಿ. ಮರಳುವ ದಾರಿ ತೆರೆದಿದೆಯೆಂದು ತಿಳಿದ ಬೆಕ್ಕು ನಾಳೆ ತಾನಾಗಿಯೇ ಹೊಸಿಲು ದಾಟೀತು.