ಶ್ರವಣವೂ ಟಿಪ್ಪಣಿಯೂ



ಇಂದು ನಾವು ಹೇಳಬೇಕೆಂದಿರುವುದು ಗಹನವಾದ ತತ್ತ್ವವೇನೂ ಅಲ್ಲ. ಒಂದು ನೋಟುಬುಕ್ಕು, ಒಂದು ಪೆನ್ನು, ಇಷ್ಟರ ವಿಷಯ. ಈಗ ಮಠಕ್ಕೆ ಬರುವವರಲ್ಲಿ ಬಹಳ ಮಂದಿ, "ಬುದ್ಧೀ, ಮೊಬೈಲಿನಲ್ಲಿ ನೋಡಿ ಕಲಿತೆ" ಎನ್ನುತ್ತಾರೆ. ಒಬ್ಬ ಹುಡುಗ ಕೆ.ಎ.ಎಸ್. ಪರೀಕ್ಷೆಗೆ ಓದುವುದು ಅದರಲ್ಲಿ, ಒಬ್ಬ ತಾಯಿ ಹೊಲಿಗೆ ಕಲಿತದ್ದು ಅದರಲ್ಲಿ, ಒಬ್ಬ ರೈತ ಔಷಧಿ ಬೆರೆಸುವುದು ಅದನ್ನು ನೋಡಿ. ಇದನ್ನು ನಾವು ಹಳಿಯುವುದಿಲ್ಲ. ಒಂದು ಕಾಲಕ್ಕೆ ವಿದ್ಯೆಗಾಗಿ ಕಾಶಿಯವರೆಗೆ ಹೋಗಬೇಕಾಗಿತ್ತು. ಈಗ ಐ.ಐ.ಟಿ.ಗಳ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರ ಪಾಠ ಎನ್.ಪಿ.ಟಿ.ಇ.ಎಲ್. ಎಂಬ ಹೆಸರಿನಲ್ಲಿ ಹಳ್ಳಿಯ ಹುಡುಗನಿಗೂ ಕಾಸಿಲ್ಲದೆ ಕೇಳಸಿಗುತ್ತದೆ. ಅದು ಸಣ್ಣ ಮಾತಲ್ಲ.

ಆದರೆ ಕೇಳಿದ್ದು ಎಲ್ಲಿ ನಿಲ್ಲುತ್ತದೆ?

ಮಲೆನಾಡಿನ ಕಡೆಯ ಭಕ್ತರೊಬ್ಬರು, ಅಡಿಕೆ ತೋಟದವರು, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವ ಕ್ರಮವನ್ನು ವಿಡಿಯೋದಲ್ಲಿ ಎರಡು ಸಲ ನೋಡಿದರು. ಅದರಲ್ಲಿ ಹೇಳಿದ್ದು ಸರಿಯಾಗಿಯೇ ಇತ್ತು. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ತಿಳಿಗೆ ಹೊಯ್ಯುತ್ತಾ ಕಲಕಬೇಕು. ಸುಣ್ಣವನ್ನು ಅದಕ್ಕೆ ಸುರಿಯಬಾರದು. ಕಬ್ಬಿಣದ ಪಾತ್ರೆ ಕೂಡದು. ಕಡೆಗೆ ಒಂದು ಚಾಕುವನ್ನು ಅದ್ದಿ ನೋಡಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದು ಅರ್ಥ. ಇಷ್ಟನ್ನೂ ಅವರು ಕೇಳಿದ್ದರು. ಮರ ಹತ್ತುವ ಆಳುಗಳು ಬಂದು ನಿಂತ ದಿನ ನೆನಪಿಗೆ ಬಂದದ್ದು ಮೈಲುತುತ್ತ ಒಂದು ಕಿಲೋ ಎನ್ನುವುದೊಂದೇ. ತೋಟದೊಳಗೆ ಮೊಬೈಲಿಗೆ ನೆಟ್‌ವರ್ಕ್ ಇಲ್ಲ. ಸುಣ್ಣವನ್ನು ಅಂದಾಜಿನ ಮೇಲೆ ಹಾಕಿದರು, ಚಾಕುವಿನ ಪರೀಕ್ಷೆ ಮರೆತೇಹೋಯಿತು. ಎಳೆಗಾಯಿಗಳ ಮೇಲೆ ಸುಟ್ಟ ಕಲೆ ಬಿದ್ದವು. ನಾಲ್ಕು ಸಾಲು ಬರೆದು ಅಂಗಿಯ ಜೇಬಿನಲ್ಲಿಟ್ಟಿದ್ದರೆ ಆ ವರುಷದ ಫಸಲು ಉಳಿಯುತ್ತಿತ್ತು.

ಕಣ್ಣಮುಂದೆ ಒಬ್ಬರು ಸಲೀಸಾಗಿ ಮಾಡಿ ತೋರಿಸುವಾಗ ನಮಗೂ ಬಂದುಬಿಟ್ಟಿತು ಅನ್ನಿಸುತ್ತದೆ. ಅನ್ನಿಸುವುದು ಬೇರೆ, ಬರುವುದು ಬೇರೆ. ಯಾಜ್ಞವಲ್ಕ್ಯರು ಮೈತ್ರೇಯಿಗೆ ಶ್ರವಣವನ್ನಷ್ಟೇ ಹೇಳಿ ಸುಮ್ಮನಾಗಲಿಲ್ಲ. ಮನನ, ನಿದಿಧ್ಯಾಸನಗಳನ್ನೂ ಹೇಳಿದರು. ಅವರು ಹೇಳಿದ್ದು ಆತ್ಮವಿದ್ಯೆಗೆ. ಅಡಿಕೆಯ ಔಷಧಿಗೂ ಆ ಕ್ರಮ ತಪ್ಪಿದ್ದಲ್ಲ ಎಂದು ನಮ್ಮ ಅಭಿಪ್ರಾಯ.

ನಾವು ಪಾಠಶಾಲೆಯಲ್ಲಿ ಲಘುಕೌಮುದಿ ಓದುವಾಗ ಗುರುಗಳು ಪಾಠ ಹೇಳುತ್ತಿರುವಷ್ಟು ಹೊತ್ತು ಬಳಪ ಮುಟ್ಟಲು ಬಿಡುತ್ತಿರಲಿಲ್ಲ. ಸಂಜೆ ಕೂತು ನೆನಪಿನಿಂದ ಬರೆಯಬೇಕು. ತಿಳಿಯದ ಕಡೆ ಜಾಗ ಬಿಡಬೇಕು. ಮಾರನೆಯ ದಿನ ಅವರು ಮೊದಲು ನೋಡುತ್ತಿದ್ದುದು ಆ ಖಾಲಿ ಜಾಗಗಳನ್ನೇ. ಆಗ ಅದು ನಮಗೆ ಶಿಕ್ಷೆಯಾಗಿ ಕಾಣುತ್ತಿತ್ತು. 2006ರಲ್ಲಿ ಅಮೇರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನೇ ಪರೀಕ್ಷಿಸಿ ನೋಡಿದರು. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಮತ್ತೆ ಓದಿದವರೇ ಮುಂದು. ಒಂದು ವಾರದ ನಂತರ ಕೇಳಿದರೆ ಪುಸ್ತಕ ಮುಚ್ಚಿ ನೆನೆಸಿಕೊಂಡವರು ಮುಂದು.

2014ರಲ್ಲಿ ಇನ್ನಿಬ್ಬರು, ಮುಲ್ಲರ್ ಮತ್ತು ಆಪನ್‌ಹೈಮರ್, ವಿದ್ಯಾರ್ಥಿಗಳಿಗೆ ಉಪನ್ಯಾಸದ ವಿಡಿಯೋ ತೋರಿಸಿ ಟಿಪ್ಪಣಿ ಬರೆಯಿಸಿದರು. ಲ್ಯಾಪ್‌ಟಾಪಿನಲ್ಲಿ ಟೈಪು ಮಾಡಿದವರು ಕೇಳಿದ ಮಾತನ್ನು ಇದ್ದಂತೆಯೇ ಇಳಿಸಿಕೊಂಡರು. ಕೈಯಲ್ಲಿ ಬರೆದವರಿಗೆ ಅಷ್ಟು ವೇಗವಿಲ್ಲ. ಆದಕಾರಣ ಆರಿಸಿ, ಸ್ವಂತ ಮಾತಿನಲ್ಲಿ ಬರೆದರು. ಅರ್ಥದ ಪ್ರಶ್ನೆಗಳಲ್ಲಿ ಇವರೇ ಮೇಲಾದರು. ಆಮೇಲೆ ಬೇರೆಯವರು ಮಾಡಿದ ಪ್ರಯೋಗಗಳಲ್ಲಿ ಇಷ್ಟು ಸ್ಪಷ್ಟವಾದ ಅಂತರ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಆದ್ದರಿಂದ ಪೆನ್ನಿನಲ್ಲೇನೋ ಮಹಿಮೆಯಿದೆಯೆಂದು ನಾವು ಹೇಳುವುದಿಲ್ಲ. ಸ್ವಂತ ಮಾತಿಗೆ ತಿರುಗಿಸುವ ಶ್ರಮ ಮುಖ್ಯ. ಈಗ ವಿಡಿಯೋದ ಸಾರಾಂಶವನ್ನು ಯಂತ್ರವೇ ಬರೆದುಕೊಡುತ್ತದೆಯಂತೆ. ಬರೆದುಕೊಡಲಿ, ಮರೆತದ್ದನ್ನು ಹುಡುಕಲು ಅನುಕೂಲ. ಆದರೆ ಆ ಶ್ರಮವನ್ನು ನಿಮ್ಮ ಪರವಾಗಿ ಅದು ಪಡಲಾರದು. ನೀವು ಉಣ್ಣುವ ಪ್ರಸಾದವನ್ನು ಪಕ್ಕದವರು ಅಗಿದುಕೊಟ್ಟಾರೆಯೇ?

ನಾವು ಕೂಡಿಟ್ಟ ಮಾತ್ರಕ್ಕೆ ಕಲಿತಂತೆಯೂ ಅಲ್ಲ. ಫ.ಗು. ಹಳಕಟ್ಟಿಯವರು ಊರೂರು ತಿರುಗಿ ವಚನಗಳ ತಾಡೋಲೆ ಕಟ್ಟುಗಳನ್ನು ಸಂಗ್ರಹಿಸಿದರು. ಕಟ್ಟುಗಳನ್ನು ಪೆಟ್ಟಿಗೆಯಲ್ಲಿ ತುಂಬಿಟ್ಟು ಸುಮ್ಮನಾಗಿದ್ದರೆ ನಮಗೇನು ಸಿಗುತ್ತಿತ್ತು? ಓದಿ, ವಿಷಯವಾರು ವಿಂಗಡಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. ಇಂದು ನಮ್ಮ ಹುಡುಗರ ಮೊಬೈಲಿನಲ್ಲಿ 'ಆಮೇಲೆ ನೋಡುವುದು' ಎಂದು ಗುರುತು ಮಾಡಿಟ್ಟ ವಿಡಿಯೋಗಳು ಬಿಚ್ಚದ ತಾಡೋಲೆ ಕಟ್ಟುಗಳಂತೆ ಬಿದ್ದಿರುತ್ತವೆ. (ಈ ಮಾತನ್ನು ಸಹ ಯಾರೋ ಇಬ್ಬರು ಹಿಂದಿನ ಸಾಲಿನಲ್ಲಿ ಮೊಬೈಲೆತ್ತಿ ಹಿಡಿಯುತ್ತಿದ್ದೀರಿ, ಆಗಲಿ.)

ಬರೆಯುವ ರೀತಿ ಹೇಗೆ ಎಂದು ಕೇಳಬಹುದು. ಅಮೇರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ ಎಂಬ ಅಧ್ಯಾಪಕರು ಒಂದು ಕ್ರಮ ಹೇಳಿಕೊಟ್ಟರು. ಹಾಳೆಯ ಎಡಕ್ಕೆ ಒಂದು ಗೆರೆ ಎಳೆಯಿರಿ. ಬಲಗಡೆಯ ಅಗಲವಾದ ಜಾಗದಲ್ಲಿ ಕೇಳಿದ್ದು. ಎಡಗಡೆಯಲ್ಲಿ, ಆಮೇಲೆ ಕೂತು, ಅದರಿಂದ ಹುಟ್ಟುವ ಪ್ರಶ್ನೆ. ಕೆಳಗೆ ಎರಡು ಸಾಲಿನ ಸಾರ. ಮರುದಿನ ಬಲಗಡೆಯನ್ನು ಕೈಯಿಂದ ಮುಚ್ಚಿ ಎಡಗಡೆಯ ಪ್ರಶ್ನೆಗೆ ಉತ್ತರ ಹೇಳಿಕೊಳ್ಳಬೇಕು. ನಮ್ಮ ಗುರುಗಳ ಖಾಲಿ ಜಾಗದ ಪದ್ಧತಿಗೆ ಇದು ನೆಂಟಸ್ತಿಕೆಯದೇ. ಇದರ ಜೊತೆಗೆ ವಿಡಿಯೋದ ಹೆಸರನ್ನೂ, ಎಷ್ಟನೆಯ ನಿಮಿಷ ಎಂಬುದನ್ನೂ ಬರೆದಿಡಿ. ಗುರುವನ್ನು ಮಾತಿನ ನಡುವೆ ತಡೆಯಲು ನಮಗೆ ಧೈರ್ಯವಿರಲಿಲ್ಲ. ನಿಮಗೆ ತಡೆಯುವ ಗುಂಡಿಯೇ ಇದೆ. ನೀವು ಅದನ್ನು ಬಿಟ್ಟು ಒಂದೂವರೆ ಪಟ್ಟು ಓಡಿಸುವ ಗುಂಡಿ ಒತ್ತುತ್ತೀರಿ!

ತಾಯಂದಿರು ರೊಟ್ಟಿ ಬಡಿಯುತ್ತಾ ಪಾಡ್‌ಕಾಸ್ಟ್ ಕೇಳುತ್ತೀರಿ, ಕೈ ಹಿಟ್ಟಾಗಿರುತ್ತದೆ. ಆಗ ಬರೆಯಬೇಡಿ. ಕೆಲಸ ಮುಗಿದು ಕೈ ತೊಳೆದ ಮೇಲೆ ಮೂರು ಮಾತು ನೆನೆಸಿಕೊಂಡು ಕ್ಯಾಲೆಂಡರಿನ ಅಂಚಿನಲ್ಲಿ ಗೀಚಿದರೂ ಸಾಕು. ಮೂರು ಬಾರದಿದ್ದರೆ ಒಂದು. ಗಾಡಿ ಓಡಿಸುತ್ತಾ ಕೇಳುವವರು ಇಳಿದ ಮೇಲೆ ಬರೆಯಲಿ.

ನಮ್ಮ ವಿದ್ಯಾರ್ಥಿನಿಲಯದ ಹುಡುಗರಿಗೆ ಬರುವ ಸೋಮವಾರದಿಂದ ಒಂದೊಂದು ಗೆರೆಯಿಲ್ಲದ ನೋಟುಬುಕ್ಕನ್ನು ಮಠದಿಂದಲೇ ಕೊಡಿಸುತ್ತೇವೆ. ಎಡದ ಗೆರೆಯನ್ನು ನೀವೇ ಎಳೆದುಕೊಳ್ಳಬೇಕು. ರಾತ್ರಿ ಪ್ರಸಾದಕ್ಕೆ ಕೂರುವ ಮುನ್ನ ಆ ದಿನ ನೋಡಿದ್ದರ ಸಾರವನ್ನು ಮೊಬೈಲು ಮುಚ್ಚಿಟ್ಟು ಬರೆಯಿರಿ. ಅಮಾವಾಸ್ಯೆಯ ದಿನ ನಾವೇ ತರಿಸಿ ನೋಡುತ್ತೇವೆ, ಖಾಲಿ ಜಾಗಗಳನ್ನು ಮೊದಲು.