ಸರಾಸರಿಗೆ ಸಿಗದ ಹುಡುಗಿ

ಲಂಡನ್ನಿನ ಹ್ಯಾರೋದ ಮಾಲಿ ರಸೆಲ್ 2017ರ ನವೆಂಬರಿನಲ್ಲಿ ಜೀವ ಕಳೆದುಕೊಂಡಾಗ ಅವಳಿಗೆ 14 ವರ್ಷ. ಸಾವಿನ ವಿಚಾರಣೆ ಮುಗಿಯಲು ಹೆಚ್ಚುಕಡಿಮೆ ಐದು ವರ್ಷ ಹಿಡಿಯಿತು. ಅಲ್ಲಿ ದೊಡ್ಡ ಸಾಕ್ಷ್ಯವೆಂದರೆ ಅವಳ ಫೀಡ್. ಕೊನೆಯ ಆರು ತಿಂಗಳಲ್ಲಿ ಇನ್‌ಸ್ಟಾಗ್ರಾಮಿನಲ್ಲಿ ಅವಳು ಲೈಕ್, ಸೇವ್, ಶೇರ್ ಮಾಡಿದ್ದ ಪೋಸ್ಟುಗಳು 16,300. ಅವುಗಳಲ್ಲಿ 2,100 ಖಿನ್ನತೆ, ಸ್ವಯಂಹಾನಿ, ಆತ್ಮಹತ್ಯೆಗೆ ಸಂಬಂಧಪಟ್ಟವು. ಪಿಂಟ್‌ರೆಸ್ಟ್ ಅಂತೂ ಅವಳಿಗೆ ಹಿಡಿಸಬಹುದಾದ ಖಿನ್ನತೆಯ ಹತ್ತು ಚಿತ್ರಗಳು ಇವೆಯೆಂದು ಇಮೇಲ್ ಕಳಿಸಿತ್ತು, ಸೀರೆ ಅಂಗಡಿಯವರು ಹೊಸ ಸ್ಟಾಕು ಬಂದಿದೆಯೆಂದು ಮೆಸೇಜು ಹಾಕುವ ಹಾಗೆ.

ಆ ಪೋಸ್ಟುಗಳನ್ನು ಪರಿಶೀಲಿಸಿದ ಮಕ್ಕಳ ಮನೋವೈದ್ಯ ಡಾ. ನವೀನ್ ವೇಣುಗೋಪಾಲ್, ಅದಾದ ಮೇಲೆ ಕೆಲವು ವಾರ ತಮಗೇ ಸರಿಯಾಗಿ ನಿದ್ದೆ ಬರಲಿಲ್ಲ ಎಂದರು. ರೋಗಿಗಳ ಸಂಕಟ ಕೇಳುವುದೇ ಕಸುಬಾದವರ ಮಾತಿದು. ಪಿಂಟ್‌ರೆಸ್ಟ್‌ನವರು ಕ್ಷಮೆ ಕೇಳಿದರು. ಇನ್‌ಸ್ಟಾಗ್ರಾಮ್ ನಡೆಸುವ ಮೆಟಾದ ಅಧಿಕಾರಿ ಮಾತ್ರ ಆ ಪೋಸ್ಟುಗಳಲ್ಲಿ ಹೆಚ್ಚಿನವು ಸುರಕ್ಷಿತವೆಂದೇ ವಾದಿಸಿದರು. ಖಿನ್ನತೆಯ ಜೊತೆಗೆ ಆನ್‌ಲೈನಿನಲ್ಲಿ ಕಂಡದ್ದರ ದುಷ್ಪರಿಣಾಮವನ್ನೂ ಅನುಭವಿಸುತ್ತಿದ್ದಾಗ ಈ ಸಾವು ಸಂಭವಿಸಿತೆಂದು ವಿಚಾರಣೆ ನಡೆಸಿದ ಕಾರೊನರ್ ಆಂಡ್ರ್ಯೂ ವಾಕರ್ 2022ರ ಸೆಪ್ಟೆಂಬರ್ 30ರಂದು ನಿರ್ಣಯ ಕೊಟ್ಟರು.

ಇಷ್ಟಾದರೂ ಮನೆಗಳಲ್ಲಿ, ಪೋಷಕರ ಸಭೆಗಳಲ್ಲಿ ಚರ್ಚೆ ಸುತ್ತುವುದು ಒಂದೇ ಪ್ರಶ್ನೆಯನ್ನು: ದಿನಕ್ಕೆ ಎಷ್ಟು ಗಂಟೆ? ಅದಕ್ಕೆ ಆಧಾರವಿಲ್ಲವೆಂದಲ್ಲ. ಮಂಡ್ಯದ ಹಲ್ಲೆಗೆರೆ ಮೂಲದ ಡಾ. ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ 2023ರ ಮೇನಲ್ಲಿ ಹೊರಡಿಸಿದ ಸಲಹಾಪತ್ರ, ದಿನಕ್ಕೆ ಮೂರು ಗಂಟೆ ಮೀರಿ ಸೋಷಿಯಲ್ ಮೀಡಿಯಾ ಬಳಸುವ ಮಕ್ಕಳಲ್ಲಿ ಖಿನ್ನತೆ, ಆತಂಕದಂಥ ತೊಂದರೆಗಳ ಅಪಾಯ ಇಮ್ಮಡಿ ಎಂದಿತು. ಆದರೆ ಸಂಶೋಧಕರಾದ ಏಮಿ ಆರ್ಬೆನ್ ಮತ್ತು ಆಂಡ್ರ್ಯೂ ಶಿಬಿಲ್ಸ್ಕಿ 2019ರಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಹದಿಹರೆಯದವರ ಮಾಹಿತಿ ಜಾಲಾಡಿದಾಗ ಸಿಕ್ಕಿದ್ದೇ ಬೇರೆ. ಮಕ್ಕಳ ನೆಮ್ಮದಿಯಲ್ಲಿನ ವ್ಯತ್ಯಾಸಕ್ಕೆ ಡಿಜಿಟಲ್ ಬಳಕೆಯೊಂದಿಗಿದ್ದ ನಂಟು ಹೆಚ್ಚೆಂದರೆ ಶೇ. 0.4. ಆಲೂಗಡ್ಡೆ ತಿನ್ನುವುದಕ್ಕೂ ನೆಮ್ಮದಿಗೂ ಇದ್ದ ನಂಟೂ ಸರಿಸುಮಾರು ಅಷ್ಟೇ!

ಆಲೂಗಡ್ಡೆಯ ಮಾತು ಕೇಳಿ ಕಂಪನಿಗಳು ಖುಷಿಪಟ್ಟಿರಬೇಕು. ಆದರೆ ಗೆಳತಿಯೊಂದಿಗೆ ಹರಟಿದ ಒಂದು ಗಂಟೆಯೂ ಮಾಲಿಯ ಫೀಡ್ ನೋಡಿದ ಒಂದು ಗಂಟೆಯೂ ಸರಾಸರಿಯಲ್ಲಿ ಬರೀ ಒಂದು ಗಂಟೆ. ಬಹಳ ಹೊತ್ತು ನಿಂತು ನೋಡಿದ್ದನ್ನೇ ಮತ್ತೆ ಮತ್ತೆ ತಂದು ಸುರಿಯುವ ಅಲ್ಗಾರಿದಮ್ಮಿಗೆ ಕುತೂಹಲ ಯಾವುದು, ಸಂಕಟ ಯಾವುದು ಎಂದು ಗೊತ್ತಾಗುವುದಿಲ್ಲ. ಕೇಳಬೇಕಾದದ್ದು ಯಾವ ಮಗುವಿಗೆ, ಯಾವ ವಯಸ್ಸಿನಲ್ಲಿ, ಏನು ಬಂದು ಬೀಳುತ್ತಿದೆ ಎಂಬುದನ್ನು.

ವಯಸ್ಸಿನ ಬಗ್ಗೆ ಅದೇ ಆರ್ಬೆನ್ 2022ರಲ್ಲಿ ಸಹೋದ್ಯೋಗಿಗಳೊಂದಿಗೆ ಪ್ರಕಟಿಸಿದ ಅಧ್ಯಯನವಿದೆ. ಬ್ರಿಟನ್ನಿನ ಮಾಹಿತಿಯಲ್ಲಿ ಸೋಷಿಯಲ್ ಮೀಡಿಯಾ ಬಳಕೆ ಏರಿದ ಮರುವರ್ಷ ಜೀವನದ ಬಗೆಗಿನ ತೃಪ್ತಿ ಇಳಿದದ್ದು ಹುಡುಗಿಯರಲ್ಲಿ 11ರಿಂದ 13ರ ನಡುವೆ, ಹುಡುಗರಲ್ಲಿ 14-15ಕ್ಕೆ, ಇಬ್ಬರಲ್ಲೂ ಇನ್ನೊಮ್ಮೆ 19ರ ಹೊತ್ತಿಗೆ. ಖಾತೆ ತೆರೆಯಲು ಕಂಪನಿಗಳು ಇಟ್ಟ ಕನಿಷ್ಠ ವಯಸ್ಸು 13. ಇದು ಮನೋವೈದ್ಯರು ಹೇಳಿದ್ದಲ್ಲ. ಮಕ್ಕಳ ಮಾಹಿತಿ ಸಂಗ್ರಹಿಸುವುದಕ್ಕೆ ಕಡಿವಾಣ ಹಾಕಲು ಅಮೆರಿಕ 1998ರಲ್ಲಿ ಮಾಡಿದ ಕಾನೂನಿನಿಂದ ಬಂದದ್ದು. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ ಆ ಕನಿಷ್ಠ ವಯಸ್ಸನ್ನು 16ಕ್ಕೆ ಏರಿಸಿದೆ.

ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಕಾಗದದ ಮೇಲೆ ಗಟ್ಟಿ ಮಾತೇ. ಆದರೆ 2020ರ ಆನ್‌ಲೈನ್ ಪಾಠದ ದಿನಗಳಿಂದ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಮಕ್ಕಳ ಕೈಗೆ ಬರುವುದು ಅಪ್ಪನದೋ ಅಮ್ಮನದೋ ಫೋನು, ಅವರದೇ ಖಾತೆ. ಏಳನೇ ಕ್ಲಾಸಿನ ಹುಡುಗಿ ರೀಲ್ಸ್ ಸರಿಸುತ್ತಿದ್ದರೆ ಕಂಪನಿಯ ಲೆಕ್ಕದಲ್ಲಿ ಅಲ್ಲಿರುವುದು ನಲವತ್ತು ದಾಟಿದ ಗಂಡಸು. ನೆರವೇನೋ ಇದೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಗೀಳಿಗೆಂದೇ ‘ಶಟ್’ ಕ್ಲಿನಿಕ್ ತೆರೆದಿದೆ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು. ಆದರೆ ಕರೆ ಮಾಡಬೇಕಾದ ಫೋನೂ ಅದೇ, ಅಪ್ಪ ಕೆಲಸಕ್ಕೆ ಹೋಗುವಾಗ ಜೇಬಿಗಿಟ್ಟುಕೊಂಡು ಹೋಗುವಂಥದ್ದು.